ಪರಾಸಿಯಾ ರಸ್ತೆಯ ಒಂಬತ್ತು ನಿಮಿಷ

ಹೋದ ವಾರ ನಾಗಪುರದ ಸದರ್ ಬಡಾವಣೆಯ ಅಂಚೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಕೌಂಟರಿನಾಕೆ ಹೊಸ ಇಂಕ್ ಪ್ಯಾಡಿನ ಡಬ್ಬಿ ಬಿಚ್ಚಿ, ಮೊಹರನ್ನು ಅದಕ್ಕೊತ್ತಿ, ನನ್ನ ಲಕೋಟೆಯ ಮೇಲೆ ಠಪ್ಪೆಂದು ಬಡಿದಳು. ಆ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಪರಾಸಿಯಾ ರಸ್ತೆಯ ಧಾಬಾ, ಅದರ ಮುಂದೆ ಹಾಕಿದ ಮಡಚುವ ಮೇಜು, ಮೇಜಿನಾಚೆ ಕಾರ್ಡು ಹಿಡಿದು ನಿಂತ ನನ್ನ ಹೆಂಡತಿ ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲದವನು ಕಾಗದ ಹಿಡಿಯುತ್ತಾನೆ. ನಾನೂ ಅದನ್ನೇ ಮಾಡುತ್ತಿದ್ದೇನೆ.

ನಾನು ಕಲಬುರಗಿ ಕಡೆಯವನು, ರೈಲ್ವೆಯಲ್ಲಿ ಸೆಕ್ಷನ್ ಕಂಟ್ರೋಲರ್. ಈ ಕೆಲಸ ಏನೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಿವಿಗೊಂದು ಹೆಡ್‌ಫೋನ್ ಸಿಕ್ಕಿಸಿಕೊಂಡು, ನಮ್ಮ ಸರಹದ್ದಿನ ಅಷ್ಟೂ ಗಾಡಿಗಳು ಯಾವ ನಿಮಿಷಕ್ಕೆ ಎಲ್ಲಿದ್ದವು ಎಂದು ಚಾರ್ಟಿನ ಮೇಲೆ ಗೆರೆ ಎಳೆಯುತ್ತಾ ಕೂರಬೇಕು. ಒಂದು ಗಾಡಿ ಎಲ್ಲಾದರೂ ಐದು ನಿಮಿಷ ಸುಮ್ಮನೆ ನಿಂತರೆ ಆ ಸ್ಟೇಷನ್ ಮಾಸ್ತರನನ್ನು ಎಬ್ಬಿಸಿ ಯಾಕೆ ನಿಂತಿದೆ ಎಂದು ಕೇಳಬೇಕು. ಎಮ್ಮೆ ಅಡ್ಡ ಬಂತೋ, ಯಾರಾದರೂ ಚೈನು ಎಳೆದರೋ, ಸಿಗ್ನಲ್ ಕೆಟ್ಟಿತೋ, ಕಾರಣ ಬರೆಯದೆ ಒಂದು ನಿಮಿಷವನ್ನೂ ಬಿಡುವ ಹಾಗಿಲ್ಲ. ಕೇಳದೆ ನಾನೇ ಒಂದು ಕಾರಣ ಊಹಿಸಿ ಬರೆದರೆ ಅದು ಸುಳ್ಳು ದಾಖಲೆ. ನನ್ನ ಕೈಕೆಳಗೆ ಕಲಿತವರಿಗೆಲ್ಲ ಮೊದಲ ದಿನವೇ ಇದನ್ನು ಹೇಳಿಕೊಟ್ಟವನು ನಾನು. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಆ ಗಾದೆಯನ್ನು ನನಗೋಸ್ಕರವೇ ಮಾಡಿರಬೇಕು.

ನಾಗಪುರಕ್ಕೆ ವರ್ಗವಾಗಿ ಬಂದು ಲಕ್ಷ್ಮೀ ನಗರದಲ್ಲಿ ಮನೆ ಮಾಡಿದ ಮೂರನೆಯ ವರ್ಷ ನನಗೆ ಸಕ್ಕರೆ ಕಾಯಿಲೆ ಹತ್ತಿತು. ಡಾಕ್ಟರು ಸೈಕಲ್ ತುಳಿಯಿರಿ ಎಂದರು. ನಾನು ದುಬಾರಿಯದೊಂದು ಸೈಕಲ್ ತಂದೆ. ಒಬ್ಬನೇ ಹೋಗಲು ಬೇಸರವೆಂದು ಹೆಂಡತಿ ಸುನಂದಾಳಿಗೂ ಒಂದು ಕೊಡಿಸಿದೆ. ಆಗ ಅವಳಿಗೆ ನಲವತ್ತಾರು. ಮನೆಯಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದಳು. ಶುರುವಿನಲ್ಲಿ ಅಂಬಾಝರಿ ಕೆರೆಯವರೆಗೆ ಹೋಗಿ ಬರುವಷ್ಟರಲ್ಲಿ ನಾನು ಎರಡು ಸಲ ಅವಳಿಗಾಗಿ ಕಾಯಬೇಕಿತ್ತು. ಆರು ತಿಂಗಳಾಗುವುದರೊಳಗೆ ಅವಳು ನನಗಾಗಿ ಕಾಯತೊಡಗಿದಳು. ಮೊದಮೊದಲು ಅದು ತಮಾಷೆ ಅನ್ನಿಸಿತ್ತು. ಆಮೇಲೆ ಅನ್ನಿಸಲಿಲ್ಲ.

ಇಲ್ಲಿ ದೂರದ ಸವಾರಿ ಮಾಡುವವರದೊಂದು ಕ್ಲಬ್ ಇದೆ. ಪಾಠಕ್ ಎಂಬ ಹಲ್ಲಿನ ಡಾಕ್ಟರರು ಅದನ್ನು ನಡೆಸುತ್ತಾರೆ. ಬ್ರೆವೆ ಎಂದು ಆ ಸವಾರಿಗೆ ಹೆಸರು. ಅದು ರೇಸ್ ಅಲ್ಲ, ಮೊದಲು ಬಂದವನಿಗೆ ಬಹುಮಾನ ಕೊಡುವುದಿಲ್ಲ. ಇಷ್ಟು ದೂರವನ್ನು ಇಷ್ಟು ಗಂಟೆಯೊಳಗೆ ಮುಗಿಸಬೇಕು, ಅಷ್ಟೇ. ದಾರಿಯಲ್ಲಿ ಅಲ್ಲಲ್ಲಿ ತಪಾಸಣೆಯ ಕಟ್ಟೆಗಳಿರುತ್ತವೆ. ಅವು ಮುಚ್ಚುವ ಹೊತ್ತಿನೊಳಗೆ ಅಲ್ಲಿಗೆ ಮುಟ್ಟಿ, ಕೈಯಲ್ಲಿರುವ ಕಾರ್ಡಿಗೆ ಮೊಹರು ಹಾಕಿಸಿಕೊಂಡು ಮುಂದೆ ಹೋಗಬೇಕು. ಇನ್ನೂರು, ಮುನ್ನೂರು, ನಾನ್ನೂರು, ಆರುನೂರು ಕಿಲೋಮೀಟರಿನ ನಾಲ್ಕು ಸವಾರಿಗಳನ್ನು ಒಂದೇ ಸಾಲಿನಲ್ಲಿ ಮುಗಿಸಿದವರಿಗೆ ಒಂದು ಬಿರುದು, ಒಂದು ಪದಕ. ನಮ್ಮ ಊರಿನ ಹೆಂಗಸರಲ್ಲಿ ಆ ಪದಕ ಪಡೆದವರು ಅಲ್ಲಿಯತನಕ ಯಾರೂ ಇರಲಿಲ್ಲ. ಸುನಂದಾಳಿಗೆ ಅದು ಬೇಕಿತ್ತು. ಬಾಯಿಬಿಟ್ಟು ಇಂಥದು ಬೇಕು ಅನ್ನುವವಳಲ್ಲ ಅವಳು. ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳಲ್ಲಿ ಇದೊಂದನ್ನೇ ಬೇಕು ಎಂದಿದ್ದಳು.

ಆ ಸಾಲಿನ ಮೊದಲ ಸವಾರಿ, ಇನ್ನೂರರದ್ದು, ನವೆಂಬರಿನಲ್ಲಿ. ಇಬ್ಬರೂ ಹೋದೆವು. ಸೌಸರ್ ದಾಟಿದ ಮೇಲೆ ಸಿಲ್ಲೇವಾನಿ ಘಾಟು ಬರುತ್ತದೆ. ಸಾತಪುಡಾ ಬೆಟ್ಟದ ಏರು ಅದು, ತಿರುವಿನ ಮೇಲೆ ತಿರುವು. ಅರ್ಧ ಏರುವಷ್ಟರಲ್ಲಿ ನನ್ನ ಎರಡೂ ಮೀನಖಂಡಗಳು ಕಲ್ಲಾದವು. ರಸ್ತೆಯ ಬದಿಯಲ್ಲಿ ಕೂತು ಕಾಲು ತಿಕ್ಕಿಕೊಂಡು, ಕೊನೆಗೆ ಕಿತ್ತಳೆ ತುಂಬಿದ್ದ ಒಂದು ಟೆಂಪೋಗೆ ಕೈ ತೋರಿಸಿದೆ. ಕಿತ್ತಳೆಯ ಬುಟ್ಟಿಗಳ ನಡುವೆ ಸೈಕಲ್ ತಬ್ಬಿಕೊಂಡು ಕೂತು ನಾನು ನಾಗಪುರಕ್ಕೆ ಇಳಿದೆ. ಸುನಂದಾ ಘಾಟು ಏರಿ, ಇಳಿದು, ಹೊತ್ತಿಗೆ ಮುಂಚೆಯೇ ಮುಟ್ಟಿದಳು. ಕಾಲಿಗೆ ಎಣ್ಣೆ ಹಚ್ಚುತ್ತಾ ಅವಳು ಏನೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಒಳ್ಳೆಯದಿತ್ತು. ನಾನು ಮಾತ್ರ ಟೈರಿಗೆ ಬೈದೆ, ಗೇರಿಗೆ ಬೈದೆ, ಘಾಟಿನ ರಸ್ತೆಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಲ್ಲಿಂದ ನಾನು ಕ್ಲಬ್ಬಿನಲ್ಲಿ ಸುನಂದಾ ಮೇಡಮ್ಮರ ಯಜಮಾನನಾದೆ. ಯಾರೂ ಕೆಟ್ಟದಾಗಿ ಹೇಳುತ್ತಿರಲಿಲ್ಲ, ಗುರುತಿಗೆ ಹೇಳುತ್ತಿದ್ದರು. ನನಗೆ ಪ್ರತಿ ಸಲವೂ ಮೈ ಉರಿಯುತ್ತಿತ್ತು. ಡಿಸೆಂಬರಿನಲ್ಲಿ ಮುನ್ನೂರರ ಸವಾರಿ ಇತ್ತು. ಅದೇ ದಿನ ಕಲಬುರಗಿಯಲ್ಲಿ ನನ್ನ ಅಕ್ಕನ ಮಗಳ ನಿಶ್ಚಯ. ನಾನೊಬ್ಬನೇ ಹೋಗಿ ಬರಬಹುದಿತ್ತು. ಹೆಂಡತಿ ಬರದಿದ್ದರೆ ಬೀಗರ ಮುಂದೆ ಮರ್ಯಾದೆ ಹೋಗುತ್ತದೆ ಎಂದು ಹಟ ಹಿಡಿದು ಅವಳನ್ನು ಕರೆದುಕೊಂಡು ಹೋದೆ. ಬೀಗರು ಅವಳನ್ನು ತಿರುಗಿ ನೋಡಿದ್ದೂ ನನಗೆ ನೆನಪಿಲ್ಲ. ಜನವರಿಯಲ್ಲಿ ಅವಳು ನಾನ್ನೂರು ಮುಗಿಸಿದಳು. ಫೆಬ್ರವರಿಯಲ್ಲಿ ಆರುನೂರು ಮುಗಿಸಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಮಾರನೆಯ ಸಂಜೆಯೇ ಟ್ಯೂಷನ್ನಿನ ಮಕ್ಕಳಿಗೆ ಬೀಜಗಣಿತ ಹೇಳಿದಳು. ಮೂರಾದವು. ನನ್ನ ಹಟಕ್ಕೆ ತಪ್ಪಿಸಿದ ಮುನ್ನೂರು ಒಂದು ಉಳಿಯಿತು. ಮಾರ್ಚಿನಲ್ಲಿ ಅದನ್ನು ಇನ್ನೊಮ್ಮೆ ಇಟ್ಟಿದ್ದರು. ಆಮೇಲೆ ಬಿಸಿಲು, ಮಳೆ. ಆ ಸಾಲಿಗೆ ಅದೇ ಕಡೆಯದು.

ಆ ಸವಾರಿಯ ಹಿಂದಿನ ವಾರ ಪಾಠಕ್ ಡಾಕ್ಟರು ಮನೆಗೆ ಬಂದರು. ನೂರೈವತ್ತನೆಯ ಕಿಲೋಮೀಟರಿನ ಕಟ್ಟೆಗೆ ಕೂರಬೇಕಿದ್ದವನು ಕೈ ಕೊಟ್ಟಿದ್ದಾನೆ, ನೀವು ಕೂರುತ್ತೀರಾ, ರೈಲ್ವೆಯವರು, ಟೈಮಿನ ವಿಷಯದಲ್ಲಿ ನಿಮ್ಮನ್ನು ಬಿಟ್ಟರೆ ಇನ್ಯಾರು ಎಂದರು. ಉಬ್ಬಿಹೋದೆ. ಮೊಹರು, ಇಂಕ್ ಪ್ಯಾಡು, ಹೆಸರಿನ ಪಟ್ಟಿ ನನ್ನ ಕೈಗೆ ಬಂದವು. ಅವರು ನಿಧಾನವಾಗಿ ತಿಳಿಸಿ ಹೇಳಿದರು. ಬೆಳಿಗ್ಗೆ ಐದಕ್ಕೆ ಬಿಟ್ಟವರು ಮಧ್ಯಾಹ್ನ ಮೂರರೊಳಗೆ ನಿಮ್ಮ ಕಟ್ಟೆ ಮುಟ್ಟಬೇಕು. ತಡವಾದವರಿಗೆ ಮೊಹರಿಲ್ಲ. ಆದರೆ ಯಾಕೆ ತಡ ಎಂದು ಕೇಳಿ, ಪಟ್ಟಿಯ ಕಡೆಯ ಅಂಕಣದಲ್ಲಿ ಬರೆದು, ನನಗೆ ಫೋನ್ ಮಾಡಿ. ದಾರಿಯಲ್ಲಿ ಅಪಘಾತವಾಗಿ ಯಾರಿಗಾದರೂ ನೆರವಾಗಲು ನಿಂತಿದ್ದರೆ ಬಿಡುತ್ತೇವೆ. ಪಂಕ್ಚರು, ಸುಸ್ತು, ಗಾಳಿ ಇವು ಕಾರಣಗಳಲ್ಲ, ಗಾಳಿ ಎಲ್ಲರಿಗೂ ಒಂದೇ. ನಾನು ತಲೆಯಾಡಿಸಿದೆ. ಇಪ್ಪತ್ತೇಳು ವರ್ಷದಿಂದ ಮಾಡುತ್ತಿರುವುದು ಇದನ್ನೇ, ಇದರಲ್ಲಿ ನನಗೇನು ಹೇಳಿಕೊಡುತ್ತೀರಿ ಎಂದು ನಕ್ಕೆ.

ಆ ದಿನ ನಾನು ಕಾರಿನಲ್ಲಿ ಹೋದೆ. ಘಾಟಿನುದ್ದಕ್ಕೂ ಮುತ್ತುಗ ಕೆಂಪಗೆ ಹೂಬಿಟ್ಟಿತ್ತು, ಹಿಪ್ಪೆಯ ಮರಗಳ ಕೆಳಗೆ ಹೆಂಗಸರು ಬುಟ್ಟಿ ಇಟ್ಟುಕೊಂಡು ಹೂ ಆಯುತ್ತಿದ್ದರು. ಹತ್ತು ಗಂಟೆಗೆ ವಾಯವ್ಯದಿಂದ ಗಾಳಿ ಎದ್ದಿತು. ಬಿಸಿಲು ಏರಿದ ಹಾಗೆ ಅದೂ ಏರಿತು. ಛಿಂದ್ವಾಡಾ ದಾಟಿ ಪರಾಸಿಯಾ ರಸ್ತೆಯ ಧಾಬಾದ ಮುಂದೆ ಮೇಜು ಹಾಕಿ ಕೂತರೆ ಪಟ್ಟಿಯ ಹಾಳೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಡಬೇಕಾಯಿತು. ಹೋಗಿಬರುವ ಲಾರಿಗಳಿಂದ ಕಲ್ಲಿದ್ದಲ ಪುಡಿ ಹಾರಿ ಬಾಳೆಹಣ್ಣಿನ ಮೇಲೆಲ್ಲ ಕೂತಿತು. ಸವಾರರು ಬರತೊಡಗಿದರು. ಎದುರು ಗಾಳಿಯಲ್ಲಿ ಬಂದವರ ಮುಖ ನೋಡಬೇಕು ನೀವು, ಕಣ್ಣು ಕೆಂಪು, ತುಟಿ ಒಡೆದು ಉಪ್ಪು ಕಟ್ಟಿತ್ತು. ಒಬ್ಬ ಗಟ್ಟಿಮುಟ್ಟಾದ ಹುಡುಗ ಕುರ್ಚಿಯಲ್ಲಿ ಕೂತವನು ಅತ್ತೇಬಿಟ್ಟ. ಎಲ್ಲರ ಕಾರ್ಡಿಗೂ ಮೊಹರು ಒತ್ತಿ, ನಿಮಿಷ ಸಮೇತ ಹೊತ್ತು ಬರೆದು, ಸಹಿ ಹಾಕಿದೆ. ನನಗೆ ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ, ನವೆಂಬರಿನ ನಂತರ ಮೊದಲ ಸಲ ಆ ಜನರ ನಡುವೆ ನಾನು ದೊಡ್ಡವನಾಗಿದ್ದೆ.

ಎರಡೂವರೆಯಾಯಿತು. ಸುನಂದಾ ಬರಲಿಲ್ಲ. ಪ್ರತಿ ಸಲ ಹೊತ್ತಿಗೆ ಮುಂಚೆಯೇ ಮುಟ್ಟುವವಳು. ಎರಡು ಮುಕ್ಕಾಲಾಯಿತು. ಆಗ ನನ್ನ ಎದೆಯಲ್ಲಿ ಏನಿತ್ತು ಎಂದು ಸಾವಿರ ಸಲ ತಡಕಾಡಿ ನೋಡಿದ್ದೇನೆ. ಹೆದರಿಕೆ ಇತ್ತು, ಖಂಡಿತ ಇತ್ತು. ಅದರ ಅಡಿಯಲ್ಲಿ ಒಂದು ಹಾಳು ಸಮಾಧಾನವೂ ಇತ್ತು. ಅವಳಿಗೂ ಘಾಟು ಹತ್ತದ ಒಂದು ದಿನ ಬಂತಲ್ಲ ಎಂಬ ಸಮಾಧಾನ. ಮೂರು ಹೊಡೆಯಿತು. ಪಟ್ಟಿಯ ಕೆಳಗೆ ಗೆರೆ ಎಳೆದೆ.

ಮೂರು ಒಂಬತ್ತಕ್ಕೆ ಅವಳು ಬಂದಳು. ಸೈಕಲ್ಲನ್ನು ಧಾಬಾದ ಗೋಡೆಗೆ ಒರಗಿಸಿ, ನೆಟ್ಟಗೆ ನಡೆದು ಬಂದು, ಕಾರ್ಡು ಚಾಚಿದಳು. ಹಣೆಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆ ಇರಲಿಲ್ಲ. ಬಲತೋಳಿನ ಮೇಲೆ ಕಪ್ಪಗೆ ಒಣಗಿದ ಕಲೆಯಿತ್ತು. ಚೈನಿನ ಗ್ರೀಸು ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಪೂರಾ ನಿಜವಲ್ಲ, ಅಂದುಕೊಳ್ಳಲು ನನಗೆ ಅನುಕೂಲವಾಗಿತ್ತು.

“ಮೂರು ಒಂಬತ್ತ ಆಗ್ಯದ” ಅಂದೆ.

“ಹೂಂ. ಗೊತ್ತದ” ಅಂದಳು.

ಹಾಗೇ ನಿಂತಳು. ನನ್ನ ಮುಖವನ್ನೇ ನೋಡುತ್ತಾ ನಿಂತಳು. ಯಾಕೆ ತಡ ಎಂದು ಒಂದು ಮಾತು ಕೇಳಲು ಎಷ್ಟು ಹೊತ್ತು ಬೇಕು? ದಿನಕ್ಕೆ ನೂರು ಸಲ ಗುರುತು ಪರಿಚಯ ಇಲ್ಲದವರನ್ನು ಕೇಳುವ ಮಾತು. ನಾಲಿಗೆಯ ತುದಿಗೆ ಬಂದಿತ್ತು. ಕೇಳಿದರೆ ಅವಳು ಹೇಳುತ್ತಾಳೆ, ಹೇಳಿದರೆ ಬಿಡಬೇಕಾಗಿ ಬರಬಹುದು. ಅದಕ್ಕೇ ಕೇಳಲಿಲ್ಲ.

“ಟೈಮ್ ಮುಗದದ ಸುನಂದಾ” ಅಂದೆ.

“ಬರ್ಕೊಳ್ರಿ ಹಂಗಾದ್ರ” ಅಂದಳು.

ಕಾರಿನಲ್ಲಿ ಸೈಕಲ್ ಹಾಕುತ್ತೇನೆ, ಮನೆಗೆ ಹೋಗೋಣ ಎಂದೆ. ಬೇಡವೆಂದು ತಲೆಯಾಡಿಸಿದಳು. ಈಗ ಗಾಳಿ ಬೆನ್ನಿಗಿದೆ, ತುಳಿದೇ ಹೋಗುತ್ತೇನೆ ಎಂದು ನೀರು ತುಂಬಿಕೊಳ್ಳಲು ಧಾಬಾದ ಒಳಗೆ ಹೋದಳು. ಅವಳು ಅತ್ತ ಹೋದಾಗ ನಾನು ಪಟ್ಟಿಯನ್ನು ಎಳೆದುಕೊಂಡೆ. ಅವಳ ಹೆಸರಿನ ಮುಂದೆ ಹದಿನೈದು ಗಂಟೆ ಒಂಬತ್ತು ನಿಮಿಷ ಎಂದು ಬರೆದೆ. ಕಾರಣದ ಅಂಕಣ ಖಾಲಿ ಇತ್ತು. ಖಾಲಿ ಅಂಕಣ ಬಿಟ್ಟು ನನಗೆ ರೂಢಿಯಿಲ್ಲ. ಅಲ್ಲಿ ‘ಗಾಳಿ’ ಎಂದು ಬರೆದೆ, ಎಲ್ಲರೂ ಓದುವ ಇಂಗ್ಲಿಷಿನಲ್ಲಿ, ದುಂಡಗೆ. ಪಾಠಕರಿಗೆ ಫೋನ್ ಮಾಡಿ ಅದನ್ನೇ ಓದಿ ಹೇಳಿದೆ. ಅಯ್ಯೋ, ಮೇಡಮ್ಮರದ್ದೇ ಹೋಯಿತೇ ಎಂದು ಅವರು ಪೇಚಾಡಿದರು. ನಾನೂ ಪೇಚಾಡಿದೆ.

ಅವಳು ಆ ದಿನ ಪೂರ್ತಿ ತುಳಿದಳು. ಆಮೇಲಿನ ಕಟ್ಟೆಗಳಲ್ಲಿ ಅವಳಿಗೆ ಮೊಹರು ಹಾಕುವವರಿರಲಿಲ್ಲ, ಅವಳು ಕೇಳಲೂ ಇಲ್ಲ. ಮನೆ ಮುಟ್ಟಿದಾಗ ಹೊರಟು ಹತ್ತೊಂಬತ್ತು ಗಂಟೆ ಇಪ್ಪತ್ತೈದು ನಿಮಿಷವಾಗಿತ್ತು. ಮುನ್ನೂರಕ್ಕೆ ಇಪ್ಪತ್ತು ಗಂಟೆ ಅವಕಾಶ. ಅಂದರೆ ಅವಳು ಹೊತ್ತಿನೊಳಗೆ ಮುಗಿಸಿದ್ದಳು. ನಡುವೆ ಅಡ್ಡ ಕೂತದ್ದು ನಾನೊಬ್ಬನೇ.

ಹತ್ತು ದಿನ ಮನೆಯಲ್ಲಿ ಆ ಮಾತೇ ಏಳಲಿಲ್ಲ. ರೊಟ್ಟಿ, ಪಲ್ಯ, ಟ್ಯೂಷನ್, ನನ್ನ ಪಾಳಿ. ಸೋತದ್ದಕ್ಕೆ ಮುನಿಸಿಕೊಂಡಿದ್ದಾಳೆ, ತಾನಾಗಿ ಸರಿಹೋಗುತ್ತಾಳೆ ಎಂದು ನಾನು ಸುಮ್ಮನಿದ್ದೆ. ಒಂದು ಸಂಜೆ ಅವಳು ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಅವಳ ಫೋನ್ ಬಡಿದುಕೊಂಡಿತು. ನಾನು ಎತ್ತಿದೆ. ಉಮರಾನಾಲಾ ಕಡೆಯ ಒಬ್ಬ ಮನುಷ್ಯ. ಹೆಸರು ಧುರ್ವೆ ಎಂದ. ಸೈಕಲ್ಲಿನ ಅಕ್ಕನಿಗೆ ಕೊಡಿ ಎಂದು ಹಿಂದಿಯಲ್ಲಿ ಕೇಳಿದ. ಯಾಕೆ ಎಂದು ಕೇಳಿದೆ. ಅವನಿಗೆ ಕೇಳಿದೆ ನೋಡಿ.

ಆ ದಿನ ಘಾಟಿನ ತಿರುವಿನಲ್ಲಿ ಅವನ ಹೆಂಡತಿಯ ಸೆರಗು ಮೋಟರ್‌ಸೈಕಲ್ಲಿನ ಗಾಲಿಗೆ ಸಿಕ್ಕಿ ಇಬ್ಬರೂ ಬಿದ್ದಿದ್ದರಂತೆ. ಅವಳ ತಲೆ ಒಡೆದಿತ್ತು. ಉಳಿದ ಸೈಕಲ್ಲಿನವರೆಲ್ಲ ಆಗಲೇ ಮುಂದೆ ಹೋಗಿದ್ದರು, ಲಾರಿಗಳು ನಿಲ್ಲದೆ ಹೋದವು. ಈ ಅಕ್ಕ ನಿಂತರು, ತಮ್ಮ ಹಣೆಯ ಬಟ್ಟೆ ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದರು, ತಮ್ಮ ಫೋನಿನಿಂದಲೇ ಆ್ಯಂಬುಲೆನ್ಸಿಗೆ ಕರೆ ಮಾಡಿದರು, ಅದು ಬರುವ ತನಕ ಮುಕ್ಕಾಲು ಗಂಟೆ ಅವನ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲಲ್ಲಿ ಕೂತಿದ್ದರು ಎಂದ. ಹೆಂಡತಿ ಈಗ ಎದ್ದು ಓಡಾಡುತ್ತಿದ್ದಾಳೆ, ಅದನ್ನು ಹೇಳಲೆಂದು ಫೋನ್ ಮಾಡಿದೆ ಎಂದ. ನಾನು ಒಳ್ಳೆಯದು ಎಂದು ಇಟ್ಟೆ. ಕೈಯಲ್ಲಿ ಫೋನು ಹಿಡಿದುಕೊಂಡೇ ಸೋಫಾದ ಮೇಲೆ ಕೂತೆ.

ಮಕ್ಕಳು ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಏರಿತ್ತು. ತಪ್ಪು ಮಾಡಿದವನ ದನಿ ಯಾವಾಗಲೂ ಏರಿಯೇ ಇರುತ್ತದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಎಲ್ಲೋ ಒಂದ್ ಗೂಡ್ಸ್ ಗಾಡಿ ನಿಂತ್ರ ಯಾಕ್ ನಿಂತದ ಅಂತ ಕೇಳ್ತೀರಿ ನೀವು. ನಾ ನಿಮ್ಮ ಮುಂದ ನಿಂತಿದ್ದೆ. ಕೇಳ್ತೀರಿ ಅಂತೇ ನಿಂತಿದ್ದೆ.”

ಪಾಠಕರಿಗಾದರೂ ಹೇಳಬಹುದಿತ್ತಲ್ಲ ಎಂದೆ. ಗಂಡ ಬರೆದದ್ದನ್ನು ಹೆಂಡತಿ ಹೋಗಿ ತಿದ್ದಿಸಬೇಕೇನು, ನಿಮ್ಮ ಮಾನ ಎಲ್ಲಿಗೆ ಬರುತ್ತಿತ್ತು ಎಂದು ಕೇಳಿದಳು. ನನ್ನ ಮಾನದ ಚಿಂತೆ ಅವಳಿಗಿತ್ತು. ಅವಳಿಗೆ ಗೊತ್ತಿದ್ದದ್ದು ಹೊತ್ತು ಬರೆದದ್ದಷ್ಟೇ. ಅದರ ಪಕ್ಕದ ಅಂಕಣದ ವಿಷಯ ಗೊತ್ತಿರಲಿಲ್ಲ. ಹೇಳಲು ಅದೇ ಸಮಯ, ಬಾಗಿಲಲ್ಲೇ ನಿಂತಿದ್ದೆ. ಹೇಳಲಿಲ್ಲ.

ಮರುದಿನ ಪಾಳಿ ಮುಗಿಸಿ ಪಾಠಕರ ದವಾಖಾನೆಗೆ ಹೋದೆ. ಘಾಟಿನ ಕತೆಯನ್ನು ಹೇಳಿ, ಈಗ ಏನಾದರೂ ಮಾಡಲು ಬರುತ್ತದೆಯೇ ಎಂದು ಕೇಳಿದೆ. ಅವರು ಫೈಲು ತೆಗೆದು ಆ ಹಾಳೆಯನ್ನು ನನ್ನ ಮುಂದೆ ತಿರುಗಿಸಿಟ್ಟರು. ಫಲಿತಾಂಶ ಮೇಲಿನವರಿಗೆ ಹೋಗಿಯಾಯಿತು, ಇನ್ನು ತೆರೆಯಲು ಬರುವುದಿಲ್ಲ, ಆ ದಿನ ಒಂದು ಮಾತು ಹೇಳಿದ್ದರೆ ಕಣ್ಣುಮುಚ್ಚಿ ಬಿಡುತ್ತಿದ್ದೆ ಎಂದರು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟರು.

“ಭಾವುಸಾಹೇಬ್, ಆಪ್‌ನೆ ಪೂಛಾ ಥಾ?”

ಕೇಳಿದ್ದಿರಾ ಎಂದು. ಅಷ್ಟೇ. ನಾನು ಗೋಡೆಯ ಮೇಲಿದ್ದ ಹಲ್ಲಿನ ಚಿತ್ರ ನೋಡಿದೆ. ಅವರು ಫೈಲು ಮುಚ್ಚಿ, ಚಹಾ ತರಿಸಿದರು. ಆ ಮಾತನ್ನು ಇವತ್ತಿನವರೆಗೆ ಅವರು ಯಾರ ಮುಂದೆಯೂ ಎತ್ತಿಲ್ಲ. ಎತ್ತಿದ್ದರೆ ನನ್ನ ಮೈಮೇಲಿನ ಭಾರ ಇಳಿಯುತ್ತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನಾನು ಒಂಬತ್ತು ನಿಮಿಷಕ್ಕೆ ಕಳೆದುಕೊಂಡೆ.

ಮುಂದಿನ ವರ್ಷ ಸುನಂದಾ ಸೈಕಲ್ ಮುಟ್ಟಲಿಲ್ಲ. ಕಾಲು ನೋವು ಅನ್ನುತ್ತಿದ್ದಳು. ಅದರ ಮುಂದಿನ ವರ್ಷ ಮತ್ತೆ ಶುರುಮಾಡಿ, ಇನ್ನೂರರಿಂದ ಹಿಡಿದು ನಾಲ್ಕನ್ನೂ ಮುಗಿಸಿದಳು. ಅಷ್ಟರಲ್ಲಿ ಇಲ್ಲಿಯ ಇನ್ನಿಬ್ಬರು ಹೆಂಗಸರು ಆ ಪದಕ ಪಡೆದಾಗಿತ್ತು. ಅವಳು ಮೂರನೆಯವಳಾದಳು. ಒಂದು ಭಾನುವಾರ ಬೆಳಿಗ್ಗೆ ಲಕ್ಷ್ಮೀ ನಗರದ ಉದ್ಯಾನದಲ್ಲಿ ಕ್ಲಬ್ಬಿನವರು ಸೇರಿದರು. ಖಾರದ ಸಾರು ಸುರಿದ ಅವಲಕ್ಕಿಯ ತರ್ರಿ ಪೋಹಾ, ಜಿಲೇಬಿ, ಚಹಾ. ಪದಕ ಪಡೆದವರು ನಾಲ್ಕು ಮಾತಾಡಬೇಕೆಂದರು.

ಸುನಂದಾ ಮರಾಠಿಯಲ್ಲಿ ಶುರುಮಾಡಿ ನಡುವೆ ಹಿಂದಿಗೆ ಬಂದಳು. ಆ ಮಾರ್ಚಿನ ಸವಾರಿಯ ಕತೆ ಹೇಳಿದಳು. ಘಾಟಿನಲ್ಲಿ ಬಿದ್ದ ಹೆಂಗಸಿನ ವಿಷಯವನ್ನು ಒಂದೇ ವಾಕ್ಯದಲ್ಲಿ ದಾಟಿಸಿದಳು. ಕಟ್ಟೆಯಲ್ಲಿ ಕೂತವರು ನಮ್ಮ ಮನೆಯವರೇ, ಒಂಬತ್ತು ನಿಮಿಷ ತಡವಾಗಿತ್ತು, ಬೇರೆ ಯಾರಾದರೂ ಹೆಂಡತಿ ಎಂದು ಎರಡು ಐವತ್ತೊಂಬತ್ತು ಅಂತ ಬರೆಯುತ್ತಿದ್ದರು ಎಂದಳು. ಆಗ ನನಗೆ ತುಂಬಾ ಸಿಟ್ಟು ಬಂದಿತ್ತು, ಆಮೇಲೆ ಒಬ್ಬಳೇ ಯೋಚನೆ ಮಾಡಿದೆ, ಹೆಂಡತಿಗೋಸ್ಕರವೂ ಕಾಗದದ ಮೇಲೆ ಒಂದು ಸುಳ್ಳು ಅಕ್ಷರ ಬರೆಯದ ಮನುಷ್ಯ ಎಷ್ಟು ಜನಕ್ಕೆ ಸಿಗುತ್ತಾನೆ ಎಂದಳು. ಜನ ಚಪ್ಪಾಳೆ ತಟ್ಟಿದರು. ಯಾರೋ ನನ್ನ ಬೆನ್ನು ತಟ್ಟಿದರು. ನನ್ನೊಡನೆ ಬಾಳುವೆ ಮಾಡಲು ಅವಳಿಗೆ ಒಂದು ಆಧಾರ ಬೇಕಿತ್ತು, ಅದನ್ನು ಎರಡು ವರ್ಷ ಹುಡುಕಿ ಹೀಗೆ ಕಟ್ಟಿಕೊಂಡಿದ್ದಳು ಎಂದು ನನಗೆ ಅಲ್ಲಿ ಗೊತ್ತಾಯಿತು. ಎರಡು ಕುರ್ಚಿಯಾಚೆ ಪಾಠಕ್ ಡಾಕ್ಟರು ತಲೆ ತಗ್ಗಿಸಿ ಪೋಹಾದಲ್ಲಿ ಚಮಚ ಆಡಿಸುತ್ತಿದ್ದರು.

ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು. ಕೊರಳಲ್ಲಿ ಪದಕವಿತ್ತು, ಮುಖ ಬೆವೆತು ಹೊಳೆಯುತ್ತಿತ್ತು. ನನ್ನ ಕಿವಿಯ ಹತ್ತಿರ ಬಗ್ಗಿ ನಮ್ಮ ಮಾತಿನಲ್ಲಿ ಕೇಳಿದಳು.

“ಖರೇನೇ ಹೇಳಿದ್ನಲ್ರಿ?”

“ಖರೇ ಅದ” ಅಂದೆ.